ಬೆಂಗಳೂರಿನ ಬಂಡೆಗೂ ನೊರಜುಗಲ್ಲಿಗೂ ಎಂಥ ಫುಲ್ ಸಸ್ಪೆನ್ಷನ್ ಸೈಕಲ್?

ಪ್ರಶ್ನೆ: ಬನಶಂಕರಿಯಲ್ಲಿ ಮನೆ. ವಯಸ್ಸು 36, ಎತ್ತರ 170 ಸೆಂ.ಮೀ., ತೂಕ 74 ಕೆ.ಜಿ. ಎರಡು ವರ್ಷದಿಂದ 100 ಮಿ.ಮೀ. ಕುಸಿಯುವ ಫೋರ್ಕ್ ಇರುವ ಹಾರ್ಡ್‌ಟೇಲ್ (ಮುಂದೆ ಮಾತ್ರ ಸಸ್ಪೆನ್ಷನ್) ಓಡಿಸುತ್ತಿದ್ದೇನೆ. ವಾರಕ್ಕೆ ಎರಡು ದಿನ ಕನಕಪುರ ರಸ್ತೆ ಕಡೆಯ ಟ್ರೇಲ್‌ಗಳು, ತಿಂಗಳಿಗೊಮ್ಮೆ ನಂದಿ ಬೆಟ್ಟದ ತಪ್ಪಲು. ಕಲ್ಲಿನ ಇಳಿಜಾರಿನಲ್ಲಿ ಹಿಂದಿನ ಚಕ್ರ ಒದೆಯುತ್ತದೆ, ಎರಡು ಗಂಟೆ ಆಗುತ್ತಿದ್ದಂತೆ ಸೊಂಟ ಹಿಡಿಯುತ್ತದೆ. ಹಿಂದೆ ಮುಂದೆ ಎರಡೂ ಕಡೆ ಸಸ್ಪೆನ್ಷನ್ ಇರುವ ಫುಲ್ ಸಸ್ಪೆನ್ಷನ್ ಕೊಳ್ಳೋಣವೆಂದು ಎರಡೂವರೆ ಲಕ್ಷ ತೆಗೆದಿಟ್ಟಿದ್ದೇನೆ. ಅಂಗಡಿಯವರು ‘140 ಮಿ.ಮೀ. ತಗೊಳ್ಳಿ, ಮುಂದಕ್ಕೂ ಆಗುತ್ತೆ’ ಎನ್ನುತ್ತಾರೆ. ಗೆಳೆಯರು ‘100 ಮಿ.ಮೀ. ರೇಸ್ ಸೈಕಲ್ಲೇ ಹಗುರ’ ಎನ್ನುತ್ತಾರೆ. ಕಾರ್ಬನ್ನೋ ಅಲ್ಯೂಮಿನಿಯಮ್ಮೋ, ಹೊಸದೋ ಸೆಕೆಂಡ್‌ಹ್ಯಾಂಡೋ? ಮುಂದಿನ ವರ್ಷ ಒಂದಾದರೂ ಕ್ರಾಸ್ ಕಂಟ್ರಿ ರೇಸಿಗೆ ಇಳಿಯುವ ಆಸೆ ಇದೆ.

ಉತ್ತರ: ಟ್ರಾವೆಲ್ (ಚಕ್ರ ಮೇಲೆ ಕೆಳಗೆ ಆಡುವ ದೂರ) ಹಿಂದೆ 120 ಮಿ.ಮೀ., ಮುಂದೆ 120 ಅಥವಾ 130, ಚಕ್ರ 29 ಇಂಚು, ಅಲ್ಯೂಮಿನಿಯಂ ಫ್ರೇಮ್, ಹೊಸದು. ನಿಮ್ಮ ತೂಕಕ್ಕೆ, ಓಡಾಡುವ ಜಾಗಕ್ಕೆ, ಕೈಯಲ್ಲಿರುವ ದುಡ್ಡಿಗೆ ಇಷ್ಟು ಹೊಂದುತ್ತದೆ. ಆದರೆ ಇದೇ ಅಳತೆಯಲ್ಲಿ ಹತ್ತು ವರ್ಷ ಬಾಳುವ ಸೈಕಲ್ಲೂ ಇದೆ, ಎರಡನೇ ಮಳೆಗಾಲಕ್ಕೇ ಕಿರುಗುಟ್ಟಲು ಶುರುಮಾಡುವುದೂ ಇದೆ. ಆರಿಸುವಾಗ ಎರಡು ಪ್ರಶ್ನೆ ಕೈಬಿಡಬೇಡಿ. ಹಿಂದಿನ ಶಾಕನ್ನು ನಿಮ್ಮ ತೂಕಕ್ಕೆ ಸರಿಯಾಗಿ ಹೊಂದಿಸಲು ಬರುತ್ತದೆಯೇ? ಸವೆದದ್ದನ್ನು ಈ ಊರಲ್ಲೇ ಬದಲಿಸಲು ಆಗುತ್ತದೆಯೇ?

ಮೊದಲು ನೆಲದ ವಿಷಯ. ಲಾಲ್‌ಬಾಗ್ ಬಂಡೆ ಯಾವ ನೈಸ್ ಶಿಲೆಯೋ, ಬೆಂಗಳೂರಿನ ಸುತ್ತಮುತ್ತ ಬಹುಪಾಲು ಅದೇ ಜಾತಿಯ ಕಲ್ಲು. ರಾಮನಗರ, ಸಾವನದುರ್ಗದ ಕಡೆ ಕ್ಲೋಸ್‌ಪೇಟ್ ಗ್ರಾನೈಟ್. ಒಣಗಿದ ಹಾಸುಬಂಡೆ ಉಪ್ಪುಕಾಗದದ ಹಾಗೆ ಟೈರನ್ನು ಹಿಡಿಯುತ್ತದೆ. ಅದೇ ಬಂಡೆ ಬಿಸಿಲು ಮಳೆಗೆ ಶಿಥಿಲವಾಗಿ ಉದುರಿಸಿದ ಹರಳು ಅದರ ಮೇಲೇ ಹರಡಿಕೊಂಡಾಗ ಟೈರಿನ ಕೆಳಗೆ ರಾಗಿ ಚೆಲ್ಲಿದಂತೆ ಜಾರುತ್ತದೆ. ಮಧ್ಯೆ ಕೆಮ್ಮಣ್ಣು, ಮಳೆನೀರು ಕೊರೆದ ಕೊರಕಲು, ನೀಲಗಿರಿ ತೋಪಿನ ಒಣ ಎಲೆ, ಎಲ್ಲೆಲ್ಲೂ ಜಾಲಿಮುಳ್ಳು. ಏರುಗಳು ಹೆಚ್ಚಿನವು ಎರಡು ಮೂರು ನಿಮಿಷದವು, ಕಡಿದಾದವು. ಇಳಿಜಾರೂ ಅಷ್ಟೇ ಚಿಕ್ಕದು. ಅಲ್ಲಿಗೆ ತಲುಪಲು ಹತ್ತಿಪ್ಪತ್ತು ಕಿಲೋಮೀಟರ್ ಡಾಂಬರು ಬೇರೆ.

ಇಂಥ ಕಡೆ 140 ಮಿ.ಮೀ. ಸೈಕಲ್ಲಿನ ಕೊನೆಯ 30 ಮಿ.ಮೀ. ಕೆಲಸಕ್ಕೆ ಬರುವುದು ತೀರಾ ಅಪರೂಪ. ಅದರ ಭಾರ, ಅಗಲ ಟೈರು, ದಪ್ಪ ಫೋರ್ಕನ್ನು ಮಾತ್ರ ಪ್ರತಿ ಏರಿನಲ್ಲೂ ಹೊರಬೇಕು. 140ರ ಸೈಕಲ್‌ಗಳ ಮುಂಭಾಗದ ಕೋನವೂ (ಫೋರ್ಕು ನೆಲಕ್ಕೆ ಎಷ್ಟು ಓರೆಯಾಗಿದೆ ಎಂಬ ಅಳತೆ) ಸಾಮಾನ್ಯವಾಗಿ 65 ಡಿಗ್ರಿಯ ಆಸುಪಾಸು. ಕಡಿದಾದ, ಉದ್ದದ ಇಳಿಜಾರಿಗೆ ಅದು ಚೆನ್ನ. ಲಂಟಾನ ಪೊದೆಗಳ ನಡುವಿನ ಇಕ್ಕಟ್ಟು ತಿರುವಿನಲ್ಲಿ, ನಿಧಾನಕ್ಕೆ ಏರುವಾಗ, ಮುಂದಿನ ಚಕ್ರ ಅತ್ತಿತ್ತ ಅಲೆಯುತ್ತದೆ. ಕೊಡಗು, ಚಿಕ್ಕಮಗಳೂರಿನ ಕಡೆ ತಿಂಗಳಿಗೆರಡು ಸಲ ಹೋಗುವವರಾಗಿದ್ದರೆ ಮಾತು ಬೇರೆ ಇತ್ತು.

100 ಮಿ.ಮೀ. ತಪ್ಪೇನಲ್ಲ, ಆದರೆ ಅದರ ಕಾಲ ಮುಗಿಯುತ್ತಾ ಬಂದಿದೆ. ಕ್ರಾಸ್ ಕಂಟ್ರಿ 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್ ಸೇರಿದಾಗ ಚಕ್ರ 26 ಇಂಚಿನದು, ಹಾದಿಯೂ ಈಗಿನಷ್ಟು ಒರಟಾಗಿರಲಿಲ್ಲ. ಈಗ ರೇಸಿನ ಹಾದಿಗೇ ಕಲ್ಲಿನ ಇಳಿಕೆ, ನೆಗೆತ ಸೇರಿರುವುದರಿಂದ ರೇಸ್ ಸೈಕಲ್ ಕಟ್ಟುವವರೂ 120ಕ್ಕೆ ಬಂದಿದ್ದಾರೆ. ನಿಮ್ಮ ರೇಸಿನ ಆಸೆಗೆ 120 ಅಡ್ಡಿಯಾಗದು. ಹಿಂದೊಂದು ಹಗುರ ಟೈರು ಹಾಕಿಕೊಂಡರೆ ಮುಗಿಯಿತು.

ಇನ್ನು ನಿಮ್ಮ ಸೊಂಟ. ಹೊಸ ಸೈಕಲ್ ಬಂದ ಕೂಡಲೇ ನೋವು ಹೋಗುತ್ತದೆ ಎಂದು ನಂಬಿಕೊಂಡು ದುಡ್ಡು ಹಾಕಬೇಡಿ. ಹಿಂದಿನ ಚಕ್ರದ ಒದೆತ ಕಡಿಮೆಯಾದರೆ ಸೊಂಟಕ್ಕೆ ಆರಾಮ ಸಿಗುವುದು ನಿಜ. ಆದರೆ ಎರಡು ಗಂಟೆಗೆ ಹಿಡಿಯುವ ನೋವಿಗೆ ಸೀಟು ಎತ್ತರವಾಗಿರುವುದು ಅಥವಾ ಹ್ಯಾಂಡಲ್ ದೂರವಾಗಿರುವುದು ಕಾರಣವಾಗಿದ್ದರೆ, ಅದು ಹೊಸ ಸೈಕಲ್ಲಿಗೂ ನಿಮ್ಮ ಜೊತೆ ಬರುತ್ತದೆ. ಈಗಿನ ಸೈಕಲ್ ಮೇಲೆ ಕೂತು, ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ತಳಕ್ಕೆ ತನ್ನಿ. ಕಾಲು ಪೂರ್ತಿ ನೇರವಾಗಬೇಕು, ಸೊಂಟ ಮಾತ್ರ ಪಕ್ಕಕ್ಕೆ ವಾಲಬಾರದು. ವಾಲುತ್ತಿದ್ದರೆ ಸೀಟು 5 ಮಿ.ಮೀ. ಇಳಿಸಿ ಎರಡು ವಾರ ಓಡಿಸಿ ನೋಡಿ. ಆಮೇಲೂ ನೋವಿದ್ದರೆ, ಅಂಗಡಿಗಿಂತ ಮೊದಲು ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ.

170 ಸೆಂ.ಮೀ.ಗೆ ಸಾಮಾನ್ಯವಾಗಿ ಮೀಡಿಯಂ ಸೈಜು. ಸೈಜಿನ ಹೆಸರು ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತದೆ, ಹಾಗಾಗಿ ಅಳತೆಯ ಪಟ್ಟಿ ತೆರೆದು ‘ರೀಚ್’ ಎಂಬ ಸಾಲು ನೋಡಿ, ಪೆಡಲ್ ಬುಡದಿಂದ ಹ್ಯಾಂಡಲ್ ಕೊಳವೆಯ ಮೇಲ್ತುದಿಗೆ ಅಡ್ಡಲಾಗಿ ಇರುವ ದೂರ ಅದು. 430ರಿಂದ 450 ಮಿ.ಮೀ. ಒಳಗಿರಲಿ. ಮುಂಭಾಗದ ಕೋನ 66ರಿಂದ 67.5 ಡಿಗ್ರಿ, ಸೀಟಿನ ಕೋನ (ಸೀಟು ಹಿಡಿದ ಕೊಳವೆಯ ಓರೆ) 75ರಿಂದ 76. ಸೀಟಿನ ಕೋನ 73ಕ್ಕೆ ಇಳಿದರೆ ಕಡಿದಾದ ಏರಿನಲ್ಲಿ ನೀವು ಹಿಂದಿನ ಚಕ್ರದ ಮೇಲೇ ಕೂತಂತಾಗುತ್ತದೆ. ಶಾಕ್ ಇನ್ನಷ್ಟು ಕುಸಿದು ಮುಂದಿನ ಚಕ್ರ ಮೇಲೇಳುತ್ತದೆ. ಹಾರ್ಡ್‌ಟೇಲ್‌ನಿಂದ ಬರುವವರಿಗೆ ಇದು ಮೊದಲ ದಿನವೇ ಗೊತ್ತಾಗುತ್ತದೆ. ಇನ್ನೊಂದು: ನೀವು ಕೂತಾಗ ಹಿಂದಿನ ಶಾಕ್ ಕುಸಿಯುವುದರಿಂದ ಪೆಡಲ್ ಕೂಡ ನೆಲಕ್ಕೆ ಹತ್ತಿರವಾಗುತ್ತದೆ. ಹಾರ್ಡ್‌ಟೇಲ್‌ನಲ್ಲಿ ಸಲೀಸಾಗಿ ತುಳಿದು ದಾಟುತ್ತಿದ್ದ ಕಲ್ಲಿಗೆ ಇಲ್ಲಿ ಪೆಡಲ್ ಬಡಿಯುತ್ತದೆ. ಕ್ರ್ಯಾಂಕ್, ಅಂದರೆ ಪೆಡಲ್ ಕೂರುವ ತೋಳು, 175 ಮಿ.ಮೀ. ಬೇಡ, 170 ಇರಲಿ, 165 ಸಿಕ್ಕರೆ ಇನ್ನೂ ಒಳ್ಳೆಯದು.

ಈಗ ಮುಖ್ಯ ಭಾಗ, ಹಿಂದಿನ ಶಾಕ್ ಮತ್ತು ಅದನ್ನು ಹಿಡಿದಿರುವ ಕೀಲುಗಳು. ಶಾಕ್ ಗಾಳಿಯದೇ ಆಗಿರಬೇಕು. ಕಾಯಿಲ್ ಸ್ಪ್ರಿಂಗ್ ಆದರೆ ನಿಮ್ಮ ತೂಕಕ್ಕೆ ಸ್ಪ್ರಿಂಗ್ ಬದಲಿಸಬೇಕಾಗುತ್ತದೆ. ಗಾಳಿಯದಕ್ಕೆ ಪಂಪ್ ಸಾಕು. ಶಾಕ್ ಕುಸಿಯದಂತೆ ತಡೆಯುವ ಲಾಕ್‌ಔಟ್ ಲಿವರ್ ಜೊತೆಗೆ ರಿಬೌಂಡ್ ತಿರುಪೂ ಇರಲೇಬೇಕು. ಲಾಕ್‌ಔಟ್ ಡಾಂಬರಿಗೆ ಆಗುವ ಸೌಕರ್ಯ. ಕುಸಿದ ಶಾಕ್ ಎಷ್ಟು ಬೇಗ ವಾಪಸ್ ಬರಬೇಕೆಂದು ಹಿಡಿತದಲ್ಲಿಡುವುದು ರಿಬೌಂಡ್, ಅದಿಲ್ಲದಿದ್ದರೆ ಈಗಿನ ಒದೆತ ಬೇರೆ ರೂಪದಲ್ಲಿ ಮುಂದುವರಿಯುತ್ತದೆ. ಶಾಕಿನ ಅಳತೆಯನ್ನೂ ಕೇಳಿ ಬರೆದುಕೊಳ್ಳಿ. ‘190x45’ ಎಂದರೆ ಎರಡು ತುದಿಯ ನಡುವೆ 190 ಮಿ.ಮೀ., ಒಳಗೆ ಹೋಗುವುದು 45 ಮಿ.ಮೀ. ಎಲ್ಲರೂ ಬಳಸುವ ಅಳತೆಯದಾದರೆ ಐದು ವರ್ಷದ ಮೇಲೆ ಬೇರೆ ಕಂಪನಿಯ ಶಾಕನ್ನೂ ಕೂರಿಸಬಹುದು. ಆ ಒಂದೇ ಮಾಡೆಲ್‌ಗೆಂದು ಮಾಡಿದ ವಿಶೇಷ ಶಾಕ್ ಆದರೆ ಕಂಪನಿಯೇ ಗತಿ.

ಕೀಲುಗಳ ಜೋಡಣೆಯಲ್ಲಿ ನಾನಾ ಹೆಸರುಗಳಿವೆ, ಅದರ ಬಗ್ಗೆ ಜಗಳಗಳೂ ಇವೆ. ನಿಮ್ಮ ಬಳಕೆಗೆ ಗೊತ್ತಿರಬೇಕಾದದ್ದು ಸ್ವಲ್ಪವೇ. ನಾಲ್ಕು ಕೀಲಿನ ಹಾರ್ಸ್ಟ್ ಲಿಂಕ್ ಮಾದರಿಯಲ್ಲಿ ಹಿಂದಿನ ಆಕ್ಸಲ್‌ನ ಸ್ವಲ್ಪ ಮುಂದೆ, ಕೆಳಗಿನ ಕೊಳವೆಯಲ್ಲಿ ಒಂದು ಕೀಲು ಇರುತ್ತದೆ. ಬ್ರೇಕ್ ಹಿಡಿದಾಗಲೂ ಹಿಂಭಾಗ ಚೆನ್ನಾಗಿ ಕೆಲಸ ಮಾಡುತ್ತದೆ. ಫ್ಲೆಕ್ಸ್‌ಸ್ಟೇ ಮಾದರಿಯಲ್ಲಿ ಆ ಕೀಲೇ ಇಲ್ಲ, ಕೊಳವೆಯೇ ತುಸು ಬಾಗುತ್ತದೆ. 120ರ ಒಳಗೆ ಫ್ಲೆಕ್ಸ್‌ಸ್ಟೇ ಒಳ್ಳೆಯ ಆಯ್ಕೆ: ಹಗುರ, ಸವೆಯುವ ಬೇರಿಂಗೂ ಕಡಿಮೆ. ನಮ್ಮ ಧೂಳಿನಲ್ಲಿ ಒಂದು ಜೊತೆ ಬೇರಿಂಗ್ ಕಡಿಮೆಯಾದರೂ ಲಾಭವೇ.

ಬೇರಿಂಗ್ ವಿಷಯ ಬಂದದ್ದಕ್ಕೆ ಹೇಳುತ್ತೇನೆ, ಇಷ್ಟು ತಿಳಿದಿದ್ದರೆ ಮುಂದೆ ಬಹಳ ದುಡ್ಡು ಉಳಿಯುತ್ತದೆ. ಕೀಲಿನ ಬೇರಿಂಗ್ ಚಕ್ರದ್ದರಂತೆ ಪೂರ್ತಿ ಸುತ್ತುವುದಿಲ್ಲ, ಕೆಲವೇ ಡಿಗ್ರಿ ಹಿಂದೆ ಮುಂದೆ ಆಡುತ್ತದೆ. ಅದರಿಂದ ಅದೇ ಎರಡು ಮೂರು ಗುಂಡಿನ ಮೇಲೆ ಎಲ್ಲ ಭಾರ ಬಿದ್ದು, ಅಲ್ಲೇ ಗುಳಿ ಬೀಳುತ್ತದೆ. ಇದಕ್ಕಾಗಿಯೇ ಒಳಗೆ ಪಂಜರವಿಲ್ಲದೆ ಪೂರ್ತಿ ಗುಂಡು ತುಂಬಿದ ‘ಮ್ಯಾಕ್ಸ್’ ಎಂಬ ಜಾತಿ ಬರುತ್ತದೆ. ಬೇರಿಂಗಿನ ಸೀಲ್ ಮೇಲೆ ನಂಬರ್ ಇರುತ್ತದೆ. 6902 ಎಂದರೆ ಒಳವ್ಯಾಸ 15, ಹೊರವ್ಯಾಸ 28, ದಪ್ಪ 7 ಮಿ.ಮೀ. ಆ ನಂಬರ್ ಕಂಪನಿಯ ಸ್ವತ್ತಲ್ಲ, ಎಲ್ಲರಿಗೂ ಒಂದೇ ಅಳತೆ. ಕಂಪನಿಯ ಬೇರಿಂಗ್ ಕಿಟ್ ಬರಲು ತಿಂಗಳಾದರೆ, ನಂಬರ್ ಹಿಡಿದು ಬೇರಿಂಗ್ ಮಾರುವ ಅಂಗಡಿಗೆ ಹೋಗಿ ಎರಡೂ ಕಡೆ ರಬ್ಬರ್ ಸೀಲ್ ಇರುವುದನ್ನು ಕೇಳಿ. ಕೊಳ್ಳುವ ಮುನ್ನ ಆ ಮಾಡೆಲ್‌ನ ಬೇರಿಂಗ್ ಪಟ್ಟಿಯನ್ನು ಅಂಗಡಿಯವರಿಂದ ತೆಗೆಸಿಕೊಳ್ಳಿ. ಅದನ್ನು ಕೊಡಲಾಗದ ಅಂಗಡಿ ಎರಡು ವರ್ಷದ ಮೇಲೆ ನಿಮ್ಮ ಸೈಕಲ್ ರಿಪೇರಿ ಮಾಡುತ್ತದೆ ಎಂಬ ಭರವಸೆ ಬೇಡ.

ಇದೇ ಕಾರಣಕ್ಕೆ ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್ ಜೋಡಣೆ) ಒಳಗಿಂದ ಕೇಬಲ್ ಹಾಯಿಸಿದ ಸೈಕಲ್ಲನ್ನು ಆದಷ್ಟು ಬಿಡಿ. ನೋಡಲು ಅಚ್ಚುಕಟ್ಟು. ಆದರೆ ಹೆಡ್‌ಸೆಟ್‌ನ ಮೇಲಿನ ಬೇರಿಂಗ್ ಬದಲಿಸಬೇಕೆಂದರೆ ಬ್ರೇಕಿನ ಹೋಸನ್ನೇ ಬಿಚ್ಚಿ, ಮತ್ತೆ ಎಣ್ಣೆ ತುಂಬಿ, ಗಾಳಿ ತೆಗೆಯಬೇಕು. ಅರ್ಧ ಗಂಟೆಯ ಕೆಲಸ ಅರ್ಧ ದಿನ ತಿನ್ನುತ್ತದೆ. ಪೆಡಲ್ ಬುಡದ ಬೇರಿಂಗ್ ಒತ್ತಿ ಕೂರಿಸಿದ್ದಕ್ಕಿಂತ ತಿರುಪಿನಂತೆ ತಿರುಗಿಸಿ ಕೂರಿಸುವ ಬಿಎಸ್‌ಎ ಮಾದರಿಯದಾದರೆ ಒಳ್ಳೆಯದು. ಹಿಂದಿನ ಗೇರು ತೂಗುವ ಹ್ಯಾಂಗರ್ ಯುಡಿಎಚ್ (ಹಲವು ಕಂಪನಿಗಳಿಗೆ ಒಂದೇ ಅಳತೆಯದು) ಆಗಿದ್ದರೆ, ಬಿದ್ದು ಬಾಗಿದ ದಿನ ಬದಲಿ ಹುಡುಕುತ್ತಾ ಅಲೆಯಬೇಕಾಗುವುದಿಲ್ಲ.

ಕಾರ್ಬನ್ ಕೆಟ್ಟದ್ದಲ್ಲ. ಆದರೆ ಎರಡೂವರೆ ಲಕ್ಷದಲ್ಲಿ ಹೊಸ ಕಾರ್ಬನ್ ಫ್ರೇಮ್ ಸಿಕ್ಕರೂ, ಆ ಬೆಲೆ ಹೊಂದಿಸಲು ಫೋರ್ಕು, ಚಕ್ರ, ಬ್ರೇಕಿನಲ್ಲಿ ಕತ್ತರಿ ಹಾಕಿರುತ್ತಾರೆ. ಫ್ರೇಮಿನಲ್ಲಿ ಅರ್ಧ ಕಿಲೋ ಉಳಿಸಿ, ಬಡಪಾಯಿ ಫೋರ್ಕಿನ ಮೇಲೆ ಬಂಡೆ ಇಳಿಯುವುದು ಯಾವ ಲೆಕ್ಕಕ್ಕೂ ಸರಿಹೋಗದು. ಅಲ್ಯೂಮಿನಿಯಂ ಸೈಕಲ್ 14 ಕೆ.ಜಿ. ಆಸುಪಾಸು ಬರುತ್ತದೆ, ಚಿಂತೆ ಬೇಡ. ಫೋರ್ಕಿನ ಕಾಲು 34 ಅಥವಾ 35 ಮಿ.ಮೀ. ದಪ್ಪವಿರಲಿ. 32ರದ್ದು 120 ಮಿ.ಮೀ.ನಲ್ಲಿ ಗಟ್ಟಿಯಾಗಿ ಬ್ರೇಕ್ ಹಿಡಿದರೆ ಬಳುಕುತ್ತದೆ.

ದುಡ್ಡು ಪೂರ್ತಿ ಸೈಕಲ್ಲಿಗೇ ಸುರಿಯಬೇಡಿ. ಎರಡು ಲಕ್ಷ ಹದಿನೈದು ಸಾವಿರದೊಳಗೆ ಸೈಕಲ್ ಮುಗಿಸಿ. ಉಳಿದದ್ದು ಶಾಕ್ ಪಂಪ್, ಟ್ಯೂಬ್‌ಲೆಸ್ ಸಾಮಾನು, ಮೊಣಕಾಲು ಕವಚ, ಒಳ್ಳೆಯ ಹೆಲ್ಮೆಟ್, ಮೊದಲ ವರ್ಷದ ಶಾಕ್ ಸರ್ವಿಸಿಗೆ ಬೇಕು. ಸೈಕಲ್ ಜೊತೆ ಡ್ರಾಪರ್ ಪೋಸ್ಟ್ (ಓಡಿಸುತ್ತಲೇ ಸೀಟು ಇಳಿಸಿ ಏರಿಸುವ ಕೊಳವೆ) ಬಂದಿಲ್ಲವಾದರೆ ಮೊದಲು ಅದನ್ನು ಹಾಕಿಸಿ, 125 ಅಥವಾ 150 ಮಿ.ಮೀ.ನದು. ಕಲ್ಲಿನ ಇಳಿಜಾರಿನಲ್ಲಿ ಸೀಟು ದಾರಿ ಬಿಟ್ಟರೆ ಮೈಯನ್ನು ಕೆಳಗೆ ತರಬಹುದು. 20 ಮಿ.ಮೀ. ಹೆಚ್ಚು ಟ್ರಾವೆಲ್ ಕೊಡದ ಧೈರ್ಯವನ್ನು ಇದು ಕೊಡುತ್ತದೆ.

ಟೈರು ಮುಂದೆ 2.4, ಹಿಂದೆ 2.35 ಇಂಚು, ರಿಮ್ಮಿನ ಒಳ ಅಗಲ 27ರಿಂದ 30 ಮಿ.ಮೀ. ಅಂಗಡಿಯಿಂದ ಬರುವಾಗಲೇ ಟ್ಯೂಬ್ ತೆಗೆಸಿ ಟ್ಯೂಬ್‌ಲೆಸ್ ಮಾಡಿಸಿ. ಟ್ಯೂಬ್ ಇಟ್ಟುಕೊಂಡು ಜಾಲಿಮುಳ್ಳಿನ ಊರಲ್ಲಿ ಓಡಿಸುವುದೆಂದರೆ ವಾರಕ್ಕೊಂದು ಪ್ಯಾಚ್. 29 ಇಂಚಿನ ಟೈರಿಗೆ 100ರಿಂದ 120 ಮಿ.ಲೀ. ಸೀಲೆಂಟ್ (ತೂತು ಮುಚ್ಚುವ ದ್ರವ) ಹಾಕಿ. ಸೆಕೆಯಲ್ಲಿ ಬೇಗ ಒಣಗುತ್ತದೆ, ಎರಡು ಮೂರು ತಿಂಗಳಿಗೊಮ್ಮೆ ನೋಡಿ ಮತ್ತೆ 60 ಮಿ.ಲೀ. ಸೇರಿಸಿ. ಮುಳ್ಳು ಚುಚ್ಚಿದಾಗ ಹೆಚ್ಚಿನವರು ಗಾಬರಿಯಿಂದ ಅದನ್ನು ಕಿತ್ತೆಸೆಯುತ್ತಾರೆ. ಸೀಲೆಂಟ್ ಒಣಗಿದ್ದರೆ ಆಗಲೇ ಗಾಳಿ ಹೋಗುವುದು. ಮುಳ್ಳು ಕಿತ್ತ ತಕ್ಷಣ ತೂತನ್ನು ಕೆಳಗೆ ತಿರುಗಿಸಿ ಹಿಡಿಯಿರಿ. ‘ಸ್ಸ್’ ಸದ್ದಿನ ಜೊತೆ ಬಿಳಿ ನೊರೆ ಗುಳ್ಳೆ ಗುಳ್ಳೆಯಾಗಿ ಉಕ್ಕಿ, ಗುಳ್ಳೆ ಚಿಕ್ಕದಾಗುತ್ತಾ ಬಂದು ನಿಲ್ಲುತ್ತದೆ. ಅರ್ಧ ನಿಮಿಷವಾದರೂ ನಿಲ್ಲದಿದ್ದರೆ ರಬ್ಬರ್ ಪ್ಲಗ್ ಚುಚ್ಚಿ. ಕಲ್ಲಿನ ಅಂಚು ಟೈರಿನ ಪಕ್ಕೆಯನ್ನು ಸೀಳಿದರೆ ಸೀಲೆಂಟ್ ಏನೂ ಮಾಡದು, ಅದಕ್ಕೆ ಹಿಂದಿನ ಟೈರಾದರೂ ಪಕ್ಕೆ ಗಟ್ಟಿಯಿರುವ ಜಾತಿಯದಿರಲಿ. 100 ಗ್ರಾಂ ಹೆಚ್ಚಾದರೂ ಚಿಂತೆಯಿಲ್ಲ. ಗಾಳಿ ನಿಮ್ಮ ತೂಕಕ್ಕೆ ಮುಂದೆ 21, ಹಿಂದೆ 24 ಪಿಎಸ್‌ಐಯಿಂದ ಶುರುಮಾಡಿ. ಡಾಂಬರಿಗೆ 30ರವರೆಗೆ ಹೊಡೆದುಕೊಂಡು ಹೋಗಿ, ಟ್ರೇಲಿನ ಬಾಯಲ್ಲಿ ಗೇಜ್ ಹಿಡಿದು ಇಳಿಸಿ. ರಿಮ್ ಕಲ್ಲಿಗೆ ಬಡಿದ ಸದ್ದು ಬಂದರೆ ಒಂದು ಪಿಎಸ್‌ಐ ಏರಿಸಿ.

ಗೇರು 1x12, ಅಂದರೆ ಮುಂದೆ ಒಂದು, ಹಿಂದೆ ಹನ್ನೆರಡು ಹಲ್ಲುಚಕ್ರ: ಮುಂದೆ 30 ಹಲ್ಲು, ಹಿಂದೆ 10ರಿಂದ 51 ಹಲ್ಲು. ಅತಿ ಹಗುರ ಗೇರಿನಲ್ಲಿ ಪೆಡಲಿನ ಒಂದು ಸುತ್ತಿಗೆ ಸುಮಾರು 1.35 ಮೀಟರ್ ಸಾಗುತ್ತೀರಿ, ನಂದಿ ತಪ್ಪಲಿನ ಏರಿಗೆ ಅಷ್ಟು ಬೇಕು. ಇತ್ತ ತುದಿಯಲ್ಲಿ ಗಂಟೆಗೆ 35 ಕಿ.ಮೀ. ವರೆಗೆ ಆರಾಮಾಗಿ ತುಳಿಯಬಹುದು. ಶಿಮಾನೊ ಡಿಯೋರ್ 12 ಸ್ಪೀಡ್ ಧಾರಾಳವಾಗಿ ಸಾಕು. ಅದಕ್ಕಿಂತ ಮೇಲಿನ ಗೇರಿಗೆ ಕೊಡುವ ದುಡ್ಡು ಫೋರ್ಕಿಗೆ ಹೋಗಲಿ. ಬ್ರೇಕು ಹೈಡ್ರಾಲಿಕ್, ಎರಡೂ ಕಡೆ 180 ಮಿ.ಮೀ. ಡಿಸ್ಕ್. ಡಿಸ್ಕ್ ಮೇಲೆ ‘ರೆಸಿನ್ ಪ್ಯಾಡ್ ಓನ್ಲಿ’ ಎಂದು ಕೆತ್ತಿದ್ದರೆ ಅದಕ್ಕೆ ಮೆಟಲ್ ಪ್ಯಾಡ್ ಹಾಕುವಂತಿಲ್ಲ, ಡಿಸ್ಕ್ ಬೇಗ ಸವೆಯುತ್ತದೆ. ಮಳೆಗಾಲದ ಕೆಸರಿನಲ್ಲಿ ಬಾಳಿಕೆ ಬರುವುದು ಮೆಟಲ್ ಪ್ಯಾಡು.

ಸೆಕೆಂಡ್‌ಹ್ಯಾಂಡ್ ಬೇಡವೆಂದದ್ದು ಇದು ನಿಮ್ಮ ಮೊದಲ ಫುಲ್ ಸಸ್ಪೆನ್ಷನ್ ಎಂಬ ಕಾರಣಕ್ಕೆ. ಆದರೂ ಒಳ್ಳೆಯದೊಂದು ಕಣ್ಣಿಗೆ ಬಿದ್ದರೆ ಹೀಗೆ ಪರೀಕ್ಷಿಸಿ. ಸೈಕಲ್ ನೆಲದ ಮೇಲೆ ನಿಲ್ಲಿಸಿ, ಸೀಟಿನ ಹಿಂತುದಿ ಹಿಡಿದು ಹಿಂದಿನ ಚಕ್ರ ಇನ್ನೇನು ನೆಲ ಬಿಡಬೇಕು ಅನ್ನುವವರೆಗೆ ಮೆಲ್ಲಗೆ ಎತ್ತಿ ಇಳಿಸಿ. ಇನ್ನೊಂದು ಕೈಯ ಬೆರಳು ಒಂದೊಂದೇ ಕೀಲಿನ ಸಂದಿನ ಮೇಲಿರಲಿ. ಚಕ್ರ ಏಳುವ ಮೊದಲು ‘ಟಕ್’ ಎಂದು ಬೆರಳಿಗೆ ತಾಗಿದರೆ ಆ ಕೀಲಿನ ಬೇರಿಂಗೋ ಶಾಕಿನ ಬುಷ್ಷೋ ಸವೆದಿದೆ. ಬುಷ್ ಅಗ್ಗ, ಬೇರಿಂಗ್ ಸಾಧಾರಣ, ಆದರೆ ಬೇರಿಂಗ್ ಕೂರುವ ಫ್ರೇಮಿನ ಕಣ್ಣೇ ಹಿಗ್ಗಿದ್ದರೆ ಸೈಕಲ್ ಬಿಟ್ಟು ಬನ್ನಿ. ಶಾಕಿನ ಹೊಳೆಯುವ ಕೊಳವೆಯ ಮೇಲೆ ಉಗುರು ಆಡಿಸಿ. ಉಗುರಿಗೆ ಸಿಕ್ಕುವ ಗೀರಿದ್ದರೆ ಸೀಲ್ ಹರಿದು ಗಾಳಿ ಸೋರುತ್ತದೆ.

ಸೈಕಲ್ ಮನೆಗೆ ಬಂದ ದಿನವೇ ಸ್ಯಾಗ್ ಕಟ್ಟಿ, ಅಂದರೆ ನೀವು ಕೂತಾಗ ಶಾಕ್ ಎಷ್ಟು ಕುಸಿಯಬೇಕೆಂಬ ಲೆಕ್ಕ. ಅಂಗಡಿಯಲ್ಲಿ ಅಂದಾಜಿಗೆ ಹೊಡೆದ ಗಾಳಿಯಲ್ಲೇ ವರ್ಷಗಟ್ಟಲೆ ಓಡಿಸಿ ‘ಫುಲ್ ಸಸ್ಪೆನ್ಷನ್ ಅಂದರೆ ಇಷ್ಟೇನಾ’ ಎನ್ನುವವರೇ ಹೆಚ್ಚು. ಶೂ, ಹೆಲ್ಮೆಟ್, ನೀರಿನ ಚೀಲ ಎಲ್ಲ ಹಾಕಿಕೊಳ್ಳಿ, ಲಾಕ್‌ಔಟ್ ಬಿಚ್ಚಿಡಿ. 74 ಕೆ.ಜಿ. ಎಂದರೆ 163 ಪೌಂಡ್. ಶಾಕಿಗೆ 160 ಪಿಎಸ್‌ಐ ಹೊಡೆದು ಶುರುಮಾಡಿ. ಪಂಪ್ ತೆಗೆದು, ಸೀಟನ್ನು ಹತ್ತು ಸಲ ಮೆಲ್ಲಗೆ ಒತ್ತಿ ಬಿಡಿ. ಒಳಗಿನ ನೆಗೆಟಿವ್ ಕೋಣೆಗೂ ಗಾಳಿ ತುಂಬಬೇಕು, ಇಲ್ಲದಿದ್ದರೆ ಅಳತೆ ತಪ್ಪುತ್ತದೆ. ಮತ್ತೆ ಪಂಪ್ ಹಾಕಿದಾಗ ಮುಳ್ಳು ಕಡಿಮೆ ತೋರಿಸುತ್ತದೆ, ಗಾಳಿ ಪಂಪಿನ ಹೋಸನ್ನೂ ತುಂಬುವುದರಿಂದ ಹಾಗಾಗುತ್ತದೆ. ಪಂಪ್ ಕಳಚುವಾಗಿನ ‘ಪುಸ್’ ಕೂಡ ಹೋಸಿನ ಗಾಳಿ, ಶಾಕಿನದ್ದಲ್ಲ. ಆಮೇಲೆ ಗೋಡೆಗೆ ಒರಗಿ ಕೂತು, ಶಾಕಿನ ರಬ್ಬರ್ ಉಂಗುರವನ್ನು ಸೀಲಿಗೆ ತಾಗಿಸಿ, ಕುಲುಕದೆ ಇಳಿಯಿರಿ. 45 ಮಿ.ಮೀ. ಶಾಕಿನಲ್ಲಿ ಉಂಗುರ 12 ಮಿ.ಮೀ. ಜರುಗಿರಬೇಕು. ಹೆಚ್ಚು ಜರುಗಿದ್ದರೆ 5 ಪಿಎಸ್‌ಐ ಹೆಚ್ಚಿಸಿ, ಕಡಿಮೆ ಜರುಗಿದ್ದರೆ 5 ಇಳಿಸಿ, ಮತ್ತೆ ಅಳೆಯಿರಿ. ಫೋರ್ಕಿಗೆ ಪೆಡಲ್ ಮೇಲೆ ನಿಂತು ಅಳೆಯಬೇಕು. 120ಕ್ಕೆ 22ರಿಂದ 24 ಮಿ.ಮೀ.

ರಿಬೌಂಡ್ ತಿರುಪನ್ನು ಪ್ರದಕ್ಷಿಣವಾಗಿ ಪೂರ್ತಿ ಮುಚ್ಚಿ, ಅಲ್ಲಿಂದ ಕ್ಲಿಕ್ ಎಣಿಸುತ್ತಾ ಮಧ್ಯಕ್ಕೆ ತನ್ನಿ. ಕೂತುಕೊಂಡೇ ಫುಟ್‌ಪಾತಿನ ಅಂಚಿನಿಂದ ಇಳಿಯಿರಿ. ಸೈಕಲ್ ಒಂದು ಸಲ ಮೇಲೆದ್ದು ನಿಲ್ಲಬೇಕು. ಎರಡು ಮೂರು ಸಲ ಕುಣಿದರೆ ಒಂದು ಕ್ಲಿಕ್ ಮುಚ್ಚಿ. ತೀರಾ ಮುಚ್ಚಿದರೂ ತೊಂದರೆ: ಸಾಲುಗಲ್ಲುಗಳ ಮೇಲೆ ಹೋಗುವಾಗ ಶಾಕ್ ಮೇಲೆ ಬರುವಷ್ಟರಲ್ಲಿ ಮುಂದಿನ ಕಲ್ಲು ಬಂದು, ಪ್ರತಿ ಏಟಿಗೂ ಕುಸಿಯುತ್ತಾ ಕೊನೆಗೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ನೊರಜುಗಲ್ಲಿನ ಏರಿನಲ್ಲಿ ಲಾಕ್‌ಔಟ್ ಹಾಕಬೇಡಿ. ಹಾರ್ಡ್‌ಟೇಲ್ ಅಭ್ಯಾಸದಿಂದ ಕೈ ತಾನಾಗಿ ಲಿವರಿಗೆ ಹೋಗುತ್ತದೆ, ಆದರೆ ಅಲ್ಲಿ ಹಿಂದಿನ ಚಕ್ರ ನೆಲಕ್ಕೆ ಅಂಟಿಕೊಂಡಿರುವುದೇ ಈ ಸೈಕಲ್ಲಿನ ದೊಡ್ಡ ಲಾಭ.

ತುರಹಳ್ಳಿಯಂಥ ಕಾಡು ಅರಣ್ಯ ಇಲಾಖೆಯದು, ಸೈಕಲ್ಲಿಗೆ ಬಿಡುವ ದಾರಿಯೇ ಹೌದೇ ಎಂದು ಕೇಳಿಕೊಂಡೇ ಹೋಗಿ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಕಡೆಗಂತೂ ಚಕ್ರ ತಿರುಗಿಸಬೇಡಿ, ಆನೆ ಓಡಾಡುವ ಜಾಗ. ಜೋರು ಮಳೆ ಬಂದ ಮರುದಿನ ಕೆಮ್ಮಣ್ಣಿನ ಹಾದಿಯಲ್ಲಿ ಇಳಿದರೆ ಹಾದಿಗೂ ಗಾಯ, ಕೀಲಿಗೂ ಕೆಸರು. ಕೆಸರಾದರೆ ಬಕೆಟ್ ನೀರು, ಮೆದು ಬ್ರಷ್ಷು ಸಾಕು. ವಾಟರ್ ಸರ್ವಿಸ್ ಪ್ರೆಶರ್ ಪೈಪ್ ಹಿಡಿದರೆ ನೀರು ಸೀಲ್ ದಾಟಿ ಬೇರಿಂಗಿನ ಗ್ರೀಸ್ ಕೊಚ್ಚಿಕೊಂಡು ಹೋಗುತ್ತದೆ.

ರಾಕ್‌ಶಾಕ್ಸ್ ಫೋರ್ಕಿನ ಕೆಳಗಿನ ಕಾಲುಗಳಿಗೆ 50 ಗಂಟೆಗೊಮ್ಮೆ ಎಣ್ಣೆ ಬದಲಿಸಬೇಕೆಂದು ಕಂಪನಿ ಹೇಳುತ್ತದೆ, ಫಾಕ್ಸ್ ಕಂಪನಿಯ ಫೋರ್ಕಿನ ಸರ್ವಿಸಿಗೆ 125 ಗಂಟೆ ಅಥವಾ ವರ್ಷಕ್ಕೊಮ್ಮೆ. ವಾರಕ್ಕೆ ನಾಲ್ಕು ಗಂಟೆಯ ನಿಮ್ಮ ಲೆಕ್ಕದಲ್ಲಿ 50 ಗಂಟೆ ಎಂದರೆ ಮೂರು ತಿಂಗಳು. ಹೊಸ ಸೈಕಲ್ಲಿನ ಕೀಲಿನ ಬೋಲ್ಟುಗಳು ಮೊದಲ ಎರಡು ಮೂರು ಸವಾರಿಯಲ್ಲಿ ಕೂತು ಸಡಿಲವಾಗುವುದುಂಟು. ಟಾರ್ಕ್ ರೆಂಚ್ ಹಿಡಿದು, ಬೋಲ್ಟಿನ ತಲೆಯ ಮೇಲೆ ಬರೆದಿರುವ ನ್ಯೂಟನ್ ಮೀಟರ್ ಅಂಕಿಗೆ ಒಂದೊಂದನ್ನೂ ಪರೀಕ್ಷಿಸಿ.